ಕಳೆದುಹೋದ ಇಪ್ಪತ್ತಾರು ಕುದುರೆಗಳು

ಕೆಜಿಎಫ್‌ನಲ್ಲಿ ಏನಾದರೂ ಕಳೆದುಹೋದರೆ ಜನ ಮೊದಲು ನೆಲ ನೋಡುತ್ತಾರೆ. ನೂರಿಪ್ಪತ್ತು ವರ್ಷ ನೆಲದೊಳಗೇ ಹುಡುಕಿ ಬದುಕಿದ ಊರು; ಆ ಚಾಳಿ ಅಷ್ಟು ಬೇಗ ಬಿಡುವುದಿಲ್ಲ. ಆದರೆ ರಾಬರ್ಟ್‌ಸನ್‌ಪೇಟೆಯಲ್ಲಿರುವ ನನ್ನ ತಂಗಿಯ ಮಗ ಕಳೆದುಕೊಂಡದ್ದು ಇಪ್ಪತ್ತಾರು ಕುದುರೆ. ಬೆಂಗಳೂರಿಗೂ ಕೊಯಮತ್ತೂರಿಗೂ ನಡುವೆ ಎಲ್ಲೋ ತಪ್ಪಿಸಿಕೊಂಡಿದ್ದವು. ಪೊಲೀಸರಿಗೆ ದೂರು ಕೊಡೋಣವೆಂದರೆ, ಅವು ಮೊದಲಿಗೆ ಇದ್ದವು ಎನ್ನುವುದಕ್ಕೇ ಸಾಕ್ಷಿಯಿಲ್ಲ.

ಅವನದು ಫೋಕ್ಸ್‌ವ್ಯಾಗನ್ ಪೋಲೋ. ಮೂರು ಸಿಲಿಂಡರಿನ ಒಂದು ಲೀಟರ್ ಎಂಜಿನ್, ಜೊತೆಗೊಂದು ಟರ್ಬೊ. ಕಂಪನಿಯ ಲೆಕ್ಕದಲ್ಲಿ 110 ಕುದುರೆ, 175 ನ್ಯೂಟನ್ ಮೀಟರ್ ಟಾರ್ಕ್. 2022ರಲ್ಲಿ ಇಲ್ಲಿ ಪೋಲೋ ತಯಾರಿಕೆ ನಿಂತ ಮೇಲಂತೂ ಹುಡುಗ ಅದನ್ನು ಪಿತ್ರಾರ್ಜಿತ ಆಸ್ತಿಯ ಹಾಗೆ ನೋಡಿಕೊಳ್ಳುತ್ತಾನೆ. ಬಂಗಾರಪೇಟೆಯಿಂದ ಕೆಜಿಎಫ್‌ವರೆಗಿನ ಹತ್ತು-ಹದಿನೈದು ಕಿಲೋಮೀಟರಿನಲ್ಲಿ ಹಂಪು, ಹಸು, ಶೇರ್ ಆಟೊ ಇಷ್ಟನ್ನು ದಾಟಲು 110 ಕುದುರೆ ಯಾಕೆ ಸಾಲದು ಎಂದು ನಾನು ಕೇಳಿದ್ದುಂಟು. ‘ಮಾವಾ, ಇದು ಬೇಕು-ಬೇಡದ ವಿಷಯ ಅಲ್ಲ, ಸ್ಟೇಜ್ ಒನ್’ ಎಂದ. ಹೊಸಕೋಟೆಯಿಂದ ಬೇತಮಂಗಲದ ಕಡೆಗೆ ಎಕ್ಸ್‌ಪ್ರೆಸ್‌ವೇ ತೆರೆದಾಗಿನಿಂದ ನಮ್ಮ ಕಡೆಯ ಹುಡುಗರಿಗೆಲ್ಲ ಈ ಸ್ಟೇಜು ಹತ್ತುವ ಖಯಾಲಿ ಬಂದಿದೆ.

ಬೆಂಗಳೂರಿನ ಒಂದು ಟ್ಯೂನಿಂಗ್ ಅಂಗಡಿಗೆ ಹೊರಟಾಗ ನನ್ನನ್ನೂ ಕರೆದೊಯ್ದ. ಮೇಷ್ಟರಾಗಿ ನಿವೃತ್ತನಾದವನು ಪಕ್ಕದಲ್ಲಿದ್ದರೆ ಅಂಗಡಿಯವರು ಮೋಸ ಮಾಡುವುದಿಲ್ಲ ಎಂದು ಅವನ ನಂಬಿಕೆ. ಅಲ್ಲಿ ಯಾರೂ ಸ್ಪ್ಯಾನರ್ ಮುಟ್ಟಲಿಲ್ಲ. ಸ್ಟೇರಿಂಗ್ ಕೆಳಗಿನ ಕಿಂಡಿಗೆ ವೈರು ಚುಚ್ಚಿ, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡ ಹುಡುಗನೊಬ್ಬ ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಲೆಕ್ಕ ಬರೆದ: ಟರ್ಬೊ ಇನ್ನಷ್ಟು ಗಾಳಿ ಒತ್ತಲಿ, ಅದಕ್ಕೆ ತಕ್ಕ ಪೆಟ್ರೋಲ್ ಬೀಳಲಿ, ಕಿಡಿ ಸರಿಯಾದ ಹೊತ್ತಿಗೆ ಹಾರಲಿ. ಸ್ಟೇಜ್ ಒನ್ ರೀಮ್ಯಾಪ್ ಅಂದರೆ ಇಷ್ಟೇ.

ಆಮೇಲೆ ಡೈನೋ, ಅಂದರೆ ಕಾರಿನ ಬಲ ಅಳೆಯುವ ಯಂತ್ರ. ಮುಂದಿನ ಚಕ್ರಗಳನ್ನು ನೆಲದಲ್ಲಿ ಹುಗಿದ ರೋಲರುಗಳ ಮೇಲೆ ನಿಲ್ಲಿಸಿ, ನಾಲ್ಕೂ ಕಡೆ ಬೆಲ್ಟಿನಲ್ಲಿ ಬಿಗಿದು ಕಟ್ಟಿದರು. ಮೂತಿಯ ಮುಂದೆ ಕಲ್ಯಾಣಮಂಟಪದ ಅಡುಗೆಮನೆಗೆ ಸಾಲುವಷ್ಟು ದೊಡ್ಡ ಫ್ಯಾನು. ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಷೆಡ್ಡಿನ ತಗಡು ಅದುರಿತು, ಬೆಲ್ಟುಗಳು ಬಿಗಿದುಕೊಂಡವು, ಟೈರಿನ ರಬ್ಬರು ವಾಸನೆ ಹೊಡೆಯಿತು. ಕಾರು ಮಾತ್ರ ಒಂದಂಗುಲ ಕದಲಲಿಲ್ಲ. ಪ್ರಿಂಟರಿನಿಂದ ಚೀಟಿ ಬಂತು: 138. ಹುಡುಗ ಅದನ್ನು ಗ್ಲೋವ್ ಬಾಕ್ಸಿನಲ್ಲಿ ಇನ್ಶೂರೆನ್ಸ್ ಕಾಗದಕ್ಕಿಂತ ಮೇಲೆ ಇಟ್ಟ.

ಅಷ್ಟಕ್ಕೇ ನಿಲ್ಲಬೇಕಿತ್ತು. ಆದರೆ ಗೆಳೆಯನ ಮದುವೆಗೆಂದು ಕೊಯಮತ್ತೂರಿಗೆ ಹೋದವನು, ಅದು ಮೋಟಾರು ರೇಸಿನ ಊರಲ್ಲವೇ ಎಂದು ಅಲ್ಲಿನ ಡೈನೋ ಮೇಲೂ ಕಾರು ಹತ್ತಿಸಿದ. ಚೀಟಿ ಬಂತು: 112. ಮದುವೆ ಊಟ ಅವನ ಗಂಟಲಿಗೆ ಇಳಿಯಲಿಲ್ಲವಂತೆ. ‘ಮಾವಾ, ಅಷ್ಟು ದುಡ್ಡು ಕೊಟ್ಟು ಎರಡೇ ಎರಡು ಕುದುರೆ!’

ಸಂಜೆ ಬಂಗಾರಪೇಟೆಯ ಚಾಟ್ಸ್ ಗಾಡಿಯ ಮುಂದೆ ಪಂಚಾಯ್ತಿ ಸೇರಿತು. ನಮ್ಮೂರ ಪಾನಿಪುರಿಯ ಪಾನಿಗೆ ಬಣ್ಣವಿಲ್ಲ. ಗೊತ್ತಿಲ್ಲದವರು ನೀರೆಂದುಕೊಂಡು ಕುಡಿದು ಕೆಮ್ಮುತ್ತಾರೆ. ಆ ಕೆಮ್ಮಿನ ನಡುವೆಯೇ ಎರಡು ಪಕ್ಷಗಳಾದವು. ‘ಬೆಂಗ್ಳೂರು ಡೈನೋ ಖುಷಿ ಡೈನೋ ಮಚ್ಚಾ, ಗಿರಾಕಿ ನಗಲಿ ಅಂತ ಸೆಟ್ ಮಾಡಿರ್ತಾರೆ’ ಎಂದು ಒಂದು ಪಕ್ಷ. ‘ಕೊಯಮತ್ತೂರು ಸೆಕೆಗೆ ಇಂಟರ್‌ಕೂಲರ್ ಬಿಸಿಯಾಗಿತ್ತು, ಟೈರಲ್ಲಿ ಗಾಳಿ ಕಮ್ಮಿ ಇತ್ತು’ ಎಂದು ಇನ್ನೊಂದು. ಇಬ್ಬರ ಮಾತಿನಲ್ಲೂ ಸತ್ಯಾಂಶ ಇದ್ದದ್ದರಿಂದ ಜಗಳ ಮುಗಿಯುವ ಲಕ್ಷಣ ಕಾಣಲಿಲ್ಲ.

ಈ ಜಗಳ ಕುದುರೆಬಲದಷ್ಟೇ ಹಳೆಯದು. ಕುದುರೆಬಲ ಎಂಬ ಅಳತೆಯನ್ನು ಬಳಕೆಗೆ ತಂದವನು ಜೇಮ್ಸ್ ವಾಟ್, ಅದೂ ತನ್ನ ಉಗಿ ಎಂಜಿನ್ ಮಾರುವುದಕ್ಕೆ. ನಿಮಿಷಕ್ಕೆ 33,000 ಪೌಂಡನ್ನು ಒಂದಡಿ ಎತ್ತಿದರೆ ಒಂದು ಕುದುರೆ ಎಂದ. ದಿನವಿಡೀ ದುಡಿಯುವ ನಿಜವಾದ ಕುದುರೆಗೆ ಅಷ್ಟು ಸಾಧ್ಯವಿಲ್ಲ. ಆದರೆ ಕುದುರೆ ತಕರಾರು ಮಾಡಲಿಲ್ಲ. ತಕರಾರು ತೆಗೆದವರು ಇಂಗ್ಲೆಂಡಿನ ಕಾರ್ನ್‌ವಾಲ್‌ನ ಗಣಿ ಮಾಲೀಕರು. ಹಳೆಯ ಎಂಜಿನ್ನಿಗಿಂತ ಎಷ್ಟು ಕಲ್ಲಿದ್ದಲು ಉಳಿಯುತ್ತದೋ ಅದರ ಬೆಲೆಯಲ್ಲಿ ಮೂರನೇ ಒಂದು ಪಾಲು ನಮಗೆ ಎಂಬುದು ವಾಟ್ ಮತ್ತು ಅವನ ಪಾಲುದಾರ ಬೋಲ್ಟನ್ನರ ಕರಾರು. ಹಾಗಾದರೆ ಉಳಿದದ್ದೆಷ್ಟು? ಅಲ್ಲೇ ಕಿತ್ತಾಟ. ಎಂಜಿನ್ ಎಷ್ಟು ಸಲ ಆಡಿತು ಎಂದು ಎಣಿಸಲು ಬೀಗ ಹಾಕಿದ ಪೆಟ್ಟಿಗೆಯನ್ನೇ ಅದರ ಮೇಲೆ ಕೂರಿಸಬೇಕಾಯಿತು. ಅದೇ ಕಾರ್ನ್‌ವಾಲ್‌ನ ಗಣಿಗಾರರು, 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಇಲ್ಲಿ ಕಾಲಿಟ್ಟ ಮೇಲೆ, ಕೋಲಾರದ ಚಿನ್ನದ ಗಣಿಗೆ ಬಂದರು. ಅಳತೆಯನ್ನು ನಂಬದಿರುವ ಗುಣವನ್ನೂ ಪೆಟ್ಟಿಗೆಯಲ್ಲಿಟ್ಟುಕೊಂಡೇ ಬಂದಿರಬೇಕು.

ಆ ಗುಣ ನಮ್ಮ ಭಾವನಿಗೆ, ಅಂದರೆ ಹುಡುಗನ ಅಪ್ಪನಿಗೆ, ಧಾರಾಳವಾಗಿ ಇಳಿದಿದೆ. 2001ರ ಫೆಬ್ರವರಿ 28ರಂದು ಇಲ್ಲಿನ ಗಣಿ ಕಂಪನಿ ಬಿಜಿಎಂಎಲ್ ಬಾಗಿಲು ಹಾಕುವವರೆಗೂ ಅವರು ಅದಿರು ಪರೀಕ್ಷೆಯ ವಿಭಾಗದಲ್ಲಿದ್ದವರು. ಕಲ್ಲನ್ನು ಪುಡಿ ಮಾಡಿ, ಸೀಸದ ಭಸ್ಮದ ಜೊತೆ ಕರಗಿಸಿ, ಸೀಸವನ್ನು ಸುಟ್ಟು ಕಳೆದು, ಕೊನೆಗೆ ಉಳಿಯುವ ಚಿನ್ನದ ಕಾಳನ್ನು ಉಸಿರು ಬಿಗಿಹಿಡಿದು ತೂಗುವ ಕೆಲಸ. ‘ಒಂದೇ ಕಲ್ಲನ್ನು ಎರಡು ಹೋಳು ಮಾಡಿ ಕೊಟ್ಟರೂ ಎರಡು ಲೆಕ್ಕ ಬರ್ತಿತ್ತು. ಯಾವುದು ಸರಿ ಅಂತ ಯಾರೂ ಕೇಳ್ತಿರಲಿಲ್ಲ, ಎಲ್ಲಿಂದ ತೆಗೆದದ್ದು ಅಂತ ಕೇಳೋರು’ ಎಂದರು ಭಾವ. ಆಮೇಲೆ ಪ್ರೋಟಾನ್ ಕಥೆ ತೆಗೆದರು. 1980ರ ದಶಕದಲ್ಲಿ ಇದೇ ಗಣಿಯ 2.3 ಕಿಲೋಮೀಟರ್ ಆಳದಲ್ಲಿ ಟಾಟಾ ಸಂಶೋಧನಾ ಸಂಸ್ಥೆಯವರೂ ಜಪಾನಿನವರೂ ಸೇರಿ 140 ಟನ್ನಿನ ಕಬ್ಬಿಣದ ಉಪಕರಣ ಹೂಡಿ, ಪ್ರೋಟಾನ್ ಎಂದಾದರೂ ಸಾಯುತ್ತದೆಯೇ ಎಂದು ಕಾದರು. ಸತ್ತಂತೆ ತೋರುವ ಕೆಲವು ಗುರುತುಗಳು ಸಿಕ್ಕವು ಎಂದರು. ಅಮೆರಿಕದ ಉಪ್ಪಿನ ಗಣಿಯೊಂದರಲ್ಲಿ ಸಾವಿರಾರು ಟನ್ ನೀರು ತುಂಬಿ ಕಾದವರಿಗೆ ಒಂದು ಪ್ರೋಟಾನೂ ಸಾಯಲಿಲ್ಲ. ‘ಪ್ರಪಂಚಾನೇ ಯಾವುದರಿಂದ ಆಗಿದೆಯೋ ಅದರ ಲೆಕ್ಕದಲ್ಲೇ ಒಮ್ಮತ ಇಲ್ಲ. ಇವನ ಕಾರು ಯಾವ ಮಹಾ’ ಎಂದು ಪೇಪರು ಮಡಿಚಿದರು.

‘ಎಲ್ಲಿಂದ ತೆಗೆದದ್ದು’ ಎಂಬ ಆ ಪ್ರಶ್ನೆ ನನ್ನೊಳಗಿನ ಮೇಷ್ಟರನ್ನು ಎಬ್ಬಿಸಿತು. ಎರಡೂ ಚೀಟಿಗಳನ್ನು ಮೇಜಿನ ಮೇಲೆ ಹರಡಿದೆ.

ಕೊಯಮತ್ತೂರಿನ 112 ತೆಗೆದದ್ದು ಚಕ್ರದಲ್ಲಿ. ಕಂಪನಿಯ 110 ತೆಗೆದದ್ದು ಎಂಜಿನ್ನಿನ ಕ್ರ್ಯಾಂಕಿನಲ್ಲಿ. ನಡುವೆ ಗೇರ್‌ಬಾಕ್ಸು, ಆಕ್ಸಲ್ಲು, ಟೈರುಗಳು ತಮ್ಮ ತಮ್ಮ ಮಾಮೂಲು ತೆಗೆದುಕೊಳ್ಳುತ್ತವೆ. ನೂರಕ್ಕೆ ಹನ್ನೆರಡೋ ಹದಿನೈದೋ ದಾರಿಯಲ್ಲೇ ಹೋಗುತ್ತದೆ. ಕೆಜಿಎಫ್‌ನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1902ರಲ್ಲಿ, ಬೆಂಗಳೂರಿನ ಬೀದಿಗೆ ದೀಪ ಬರುವುದಕ್ಕೆ ಮೂರು ವರ್ಷ ಮೊದಲೇ, ಶಿವನಸಮುದ್ರದಿಂದ 92 ಮೈಲಿ ತಂತಿ ಎಳೆಸಿಕೊಂಡು ಕುದುರೆಬಲದ ಲೆಕ್ಕದಲ್ಲಿ ಕರೆಂಟು ಕೊಂಡ ಊರಿದು. ಕಾವೇರಿಯ ದಡದಲ್ಲಿ ಹೊರಟ ಕುದುರೆಗಳೆಲ್ಲ ಕೆಜಿಎಫ್‌ನ ಊರಿಗಾಮಿಗೆ ತಲುಪುವುದಿಲ್ಲ; ಒಂದಿಷ್ಟು ತಂತಿಯನ್ನು ಬಿಸಿ ಮಾಡುತ್ತಾ ದಾರಿಯಲ್ಲೇ ಕರಗುತ್ತವೆ. ಮೀಟರು ಯಾವ ತುದಿಯಲ್ಲಿದೆ ಎಂಬುದೇ ಮುಖ್ಯ. ಹನ್ನೆರಡು ಪರ್ಸೆಂಟ್ ಸೋರಿಕೆ ಹಿಡಿದರೆ, ಚಕ್ರದ 112 ಕ್ರ್ಯಾಂಕಿನಲ್ಲಿ 127 ಆಗುತ್ತದೆ.

ಇನ್ನು ಬೆಂಗಳೂರಿನ 138. ಅದು ಸೋರಿಕೆಯನ್ನು ಮೊದಲೇ ಸೇರಿಸಿಕೊಂಡ ಕ್ರ್ಯಾಂಕಿನ ಲೆಕ್ಕ. ಚೀಟಿಯ ಕೆಳಮೂಲೆಯಲ್ಲಿ, ಕನ್ನಡಕ ಏರಿಸಿ ಓದಬೇಕಾದ ಅಕ್ಷರದಲ್ಲಿ, 1.107 ಎಂದಿತ್ತು. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 1013 ಮಿಲಿಬಾರ್; ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 915ರ ಆಸುಪಾಸು. ಗಾಳಿ ತೆಳುವಾದರೆ ಎಂಜಿನ್ನಿಗೆ ಉಸಿರು ಕಡಿಮೆ, ಬಲವೂ ಕಡಿಮೆ. ಪಾಪ, ಸಮುದ್ರತೀರದಲ್ಲಿದ್ದಿದ್ದರೆ ಎಷ್ಟು ಬರುತ್ತಿತ್ತೋ ಎಂದು ಡೈನೋ ಮರುಗಿ, ಬಂದ ಲೆಕ್ಕವನ್ನು 1.107ರಿಂದ ಗುಣಿಸುತ್ತದೆ. ಸಾದಾ ಎಂಜಿನ್ನಿಗೆ ಇದು ನ್ಯಾಯವೇ. ಆದರೆ ಟರ್ಬೊ ಆ ಕೊರತೆಯನ್ನು ಬಹುಮಟ್ಟಿಗೆ ತಾನೇ ತುಂಬಿಕೊಂಡಿರುತ್ತದೆ. ಊಟ ಮುಗಿಸಿ ಕೈತೊಳೆದವನಿಗೆ ಮತ್ತೆ ಎಲೆ ಹಾಕಿ ಬಡಿಸಿದಂತೆ ಈ ಲೆಕ್ಕ. ಆ ಎರಡನೇ ಊಟ ಕಳೆದರೆ ಉಳಿಯುವುದು 125.

ಅಂದರೆ ಒಂದು 125, ಇನ್ನೊಂದು 127. ಎರಡು ರಾಜ್ಯದ ಎರಡು ಯಂತ್ರಗಳು ಹೇಳಿದ್ದು ಒಂದೇ ಮಾತು! ಕಳೆದುಹೋದ ಇಪ್ಪತ್ತಾರು ಕುದುರೆಗಳಲ್ಲಿ ಹೆಚ್ಚಿನವು ಗೇರ್‌ಬಾಕ್ಸಿನಲ್ಲೂ ಉಳಿದವು ಗುಣಾಕಾರದಲ್ಲೂ ಸಿಕ್ಕಿಬಿದ್ದವು. ರೀಮ್ಯಾಪಿನಿಂದ ಹದಿನೈದು ಹದಿನೇಳು ಕುದುರೆ ಹೆಚ್ಚಿರಬಹುದು. ಕಂಪನಿಯ ಲೆಕ್ಕಕ್ಕೂ ಅವನ ಕಾರಿಗೂ ಮೊದಲೇ ಎಷ್ಟು ಅಂತರವಿತ್ತೋ, ಮುಂಚೆ ಒಮ್ಮೆ ಡೈನೋ ಹತ್ತಿಸಿದ್ದರೆ ತಿಳಿಯುತ್ತಿತ್ತು. ಏನೇ ಇರಲಿ, ಫೋನ್ ಮಾಡಿ ವಿಜಯದ ದನಿಯಲ್ಲಿ ವರದಿ ಒಪ್ಪಿಸಿದೆ.

ಆ ಕಡೆ ಮೌನ. ಆಮೇಲೆ, ‘ಮಾವಾ, 127 ಇಟ್ಕೊಂಡು ನಾನೇನು ಮಾಡ್ಲಿ?’ ಎಂದ.

ವಿಚಾರಿಸಿದಾಗ ತಿಳಿಯಿತು, ಅಷ್ಟರಲ್ಲಿ ಹುಡುಗ ಸುಧಾರಿಸಿಕೊಂಡು ತನ್ನ ಸಂಖ್ಯೆಗಳನ್ನೆಲ್ಲ ವಿಲೇವಾರಿ ಮಾಡಿಬಿಟ್ಟಿದ್ದ. ಚಾಟ್ಸ್ ಗಾಡಿಯ ಮುಂದೆ 138. ಚೀಟಿಗೆ ಲ್ಯಾಮಿನೇಷನ್ ಆಗಿದೆ. ಅಪ್ಪನಿಗೆ 112: ‘ಹೆಚ್ಚಿದ್ದು ಎರಡೇ ಅಪ್ಪಾ, ಅದೇನು ಸ್ಪೀಡು?’ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು, ತಯಾರಕರು ಕೊಟ್ಟ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸಬಾರದು ಎನ್ನುತ್ತದೆ; ಅದನ್ನು ಓದಿದವರು ಎದುರಾದರೆ ಕಂಪನಿಯ 110. ಮೂರಕ್ಕೂ ಕಾಗದದ ಆಧಾರವಿದೆ. ನನ್ನ 127ಕ್ಕೆ ಮೇಷ್ಟರ ಕೈಬರಹ ಬಿಟ್ಟರೆ ಬೇರೆ ಆಧಾರವಿಲ್ಲ, ಕೇಳುವವರೂ ಇಲ್ಲ.

ಈಗ ಪುಣೆಯಲ್ಲಿ ಒಳ್ಳೆಯ ಡೈನೋ ಇದೆಯಂತೆ, ಹೋಗಿ ಬರಲೇ ಎಂದು ಕೇಳುತ್ತಿದ್ದಾನೆ. ಹೋಗಿ ಬಾ ಎಂದೆ. ಅಲ್ಲಿ ನಾಲ್ಕನೆಯದೊಂದು ಸಂಖ್ಯೆ ಖಂಡಿತ ಸಿಗುತ್ತದೆ, ಸಿಗಲೂ ಬೇಕು. ಅವರಮ್ಮನಿಗೆ ಹೇಳಲು ಇನ್ನೂ ಒಂದನ್ನೂ ಗೊತ್ತುಮಾಡಿಲ್ಲ.