ತಂದೆಯ ಹೆಸರು: ಅನ್ವಯಿಸುವುದಿಲ್ಲ

ಸಂಡೂರು ತಾಲ್ಲೂಕಿನಲ್ಲಿ ಗಂಡು ಹುಟ್ಟಿದರೆ ಹೆಸರಿಗಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬೆಟ್ಟದ ಮೇಲೆ ಕುಮಾರಸ್ವಾಮಿ ಇದ್ದಾನೆ, ಕೆಳಗೆ ನಾವೆಲ್ಲ ಇದ್ದೇವೆ. ಸಂಡೂರು ಬಸ್ ನಿಲ್ದಾಣದಲ್ಲಿ ನಿಂತು ‘ಏ ಕುಮಾರಸ್ವಾಮೀ’ ಎಂದು ಕೂಗಿದರೆ ಕಂಡಕ್ಟರು, ಚಹಾದಂಗಡಿಯವ, ಪೊಲೀಸು ಮೂವರೂ ತಿರುಗಿ ನೋಡಿಯಾರು. ಹೆಸರಿನ ಈ ಸಮೃದ್ಧಿಯಿಂದ ನಮ್ಮ ಕುರೆಕುಪ್ಪದಲ್ಲಿ ಯಾರಿಗೂ ತೊಂದರೆಯಾಗಿಲ್ಲ. ಲೈನ್‌ಮನ್ ಕುಮಾರಸ್ವಾಮಿ, ಎಮ್ಮಿ ಕುಮಾರಸ್ವಾಮಿ, ಮೇಷ್ಟ್ರು ಕುಮಾರಸ್ವಾಮಿ ಎಂದು ಊರು ನಮ್ಮನ್ನು ಬೇರೆ ಬೇರೆಯಾಗಿಯೇ ಇಟ್ಟಿದೆ. ಬೆಂಗಳೂರಿನ ಯಾವುದೋ ಕಂಪ್ಯೂಟರು ನಮ್ಮನ್ನೆಲ್ಲ ಒಂದುಗೂಡಿಸಿದಾಗಲೇ ಪೀಕಲಾಟ ಶುರು.

ಫೋನು ಮೊದಲು ಹಿಂದಿಯಲ್ಲಿ ಗದರಿತು. ನಾನು ‘ಆಂ?’ ಎಂದಮೇಲೆ ಕನ್ನಡಕ್ಕೆ ಇಳಿಯಿತು.

‘ಕುಮಾರಸ್ವಾಮಿ ಅವ್ರಾ? ಸರ್, ನಿಮ್ಮ ಲೋನು ಓವರ್‌ಡ್ಯೂ ಇದೆ. ಇವತ್ತು ಕಟ್ಟಲಿಲ್ಲ ಅಂದ್ರೆ ಮನೆ ಹತ್ರ ಫೀಲ್ಡ್ ಟೀಮ್ ಬರುತ್ತೆ.’

‘ಯಾವ ಲೋನಪ್ಪಾ?’

‘ನಿಮ್ಮ ಲೋನು ಸರ್.’

ಇದಕ್ಕಿಂತ ಹೆಚ್ಚಿನ ವಿವರ ಅವನ ಬಳಿ ಇರಲಿಲ್ಲ. ಮೊತ್ತ ಮಾತ್ರ ಪೈಸೆ ಸಮೇತ ಬಾಯಿಪಾಠವಾಗಿತ್ತು.

ವಸೂಲಿಯವರು ನಮ್ಮ ಸೀಮೆಗೆ ಹೊಸಬರಲ್ಲ. ಅದಿರಿನ ಭರಾಟೆಯಲ್ಲಿ ಹೊಸಪೇಟೆ, ಸಂಡೂರು ಕಡೆಯ ಜನ ಸಾಲ ಎತ್ತಿ ಲಾರಿ ತಂದರು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಲಾರಿ ನಿಂತಿತು, ಕಂತು ನಿಲ್ಲಲಿಲ್ಲ. ಆಮೇಲೆ ‘ಸೀಜ್ ಮಾಡೋರು ಬಂದ್ರು’ ಎಂಬ ಮಾತಿಗೆ ನಮ್ಮ ಕಡೆ ಗಂಡಸರೂ ಹಿತ್ತಲ ಬಾಗಿಲು ಹಿಡಿಯುತ್ತಿದ್ದ ಕಾಲವೊಂದಿತ್ತು. ಆದರೆ ಅದೇ ಗಣಿ ನಮಗೆ ಇನ್ನೊಂದು ಪಾಠವನ್ನೂ ಕಲಿಸಿದೆ. ಎಷ್ಟೇ ದೊಡ್ಡ ಲಾರಿಯಾಗಲಿ, ಎಷ್ಟೇ ಜೋರಾಗಿ ಹಾರ್ನ್ ಹೊಡೆಯಲಿ, ಚೆಕ್‌ಪೋಸ್ಟಿನಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ‘ಪರ್ಮಿಟ್ ಎಲ್ಲೈತಿ?’

ಫೋನಿನವನಿಗೂ ನಾನು ಅದನ್ನೇ ಕೇಳಿದೆ. ಇಮೇಲ್ ವಿಳಾಸ ಪಡೆದು, ಮೇಷ್ಟ್ರಗಿರಿಯ ಅಚ್ಚುಕಟ್ಟಿನಲ್ಲಿ ಒಂದು ಪತ್ರ ಬರೆದೆ. ಸಾಲ ಕೊಟ್ಟವರು ಯಾರು? ಯಾವ ತಾರೀಕು? ದುಡ್ಡು ಯಾವ ಖಾತೆಗೆ ಬಿತ್ತು? ಕರಾರಿನ ಪ್ರತಿ, ಸಾಲಗಾರನ ಸಹಿ, ಅಸಲು ಬಡ್ಡಿಗಳ ಲೆಕ್ಕ ಎಲ್ಲಿ? ವಸೂಲಿಗೆ ನಿಮ್ಮನ್ನು ನೇಮಿಸಿದ ಅಧಿಕಾರಪತ್ರ ಯಾವುದು?

ಇದು ಅಧಿಕಪ್ರಸಂಗವೇನಲ್ಲ. ಅಮೆರಿಕದಲ್ಲಿ 1977ರಲ್ಲೇ ಇದಕ್ಕೊಂದು ಕಾಯ್ದೆ ಬಂದಿದೆ. ವಸೂಲಿಗಾರನ ನೋಟಿಸು ತಲುಪಿದ 30 ದಿನದೊಳಗೆ ‘ಈ ಸಾಲಕ್ಕೆ ನನ್ನ ತಕರಾರಿದೆ’ ಎಂದು ಬರೆದುಕೊಟ್ಟರೆ, ಪುರಾವೆ ಕಳಿಸುವ ತನಕ ಅವನು ವಸೂಲಿ ನಿಲ್ಲಿಸಬೇಕು. ನಮ್ಮಲ್ಲಿ ಅಷ್ಟು ನೇರವಾದ ಕಾಯ್ದೆ ಇಲ್ಲದಿದ್ದರೂ ರಿಸರ್ವ್ ಬ್ಯಾಂಕು ಸುಮ್ಮನೆ ಕೂತಿಲ್ಲ. ವಸೂಲಿ ಏಜೆಂಟರ ಬಳಿ ಅಧಿಕಾರಪತ್ರ, ಗುರುತಿನ ಚೀಟಿ ಇರಬೇಕು, ಸಾಲಗಾರನ ದೂರು ಇತ್ಯರ್ಥವಾಗುವ ತನಕ ಪ್ರಕರಣವನ್ನು ಏಜೆಂಟರ ಕೈಗೆ ಕೊಡಬಾರದು ಎಂದು ಬ್ಯಾಂಕುಗಳಿಗೆ 2008ರಲ್ಲೇ ಹೇಳಿತ್ತು. 2022ರ ಆಗಸ್ಟ್ 12ರ ಸುತ್ತೋಲೆಯಲ್ಲಿ, ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಬಾಕಿ ಕೇಳಿ ಫೋನ್ ಮಾಡಕೂಡದು ಎಂದಿತು. ಇದನ್ನೆಲ್ಲ ನಾನು ರಾತ್ರಿ ಊಟದ ಹೊತ್ತಿನಲ್ಲಿ ಗಟ್ಟಿಯಾಗಿ ಓದಿ ಮನೆಯಾಕೆಗೆ ಕೇಳಿಸುತ್ತಿದ್ದೆ. ಆಕೆ ರೊಟ್ಟಿ ಬಡಿಯುತ್ತ ‘ಹೂಂ’ ಎನ್ನುತ್ತಿದ್ದಳು.

ಉತ್ತರ ಬಂತು. ಒಂದೇ ಹಾಳೆ. ಹೆಸರು: ಕುಮಾರಸ್ವಾಮಿ. ಊರು: ಸಂಡೂರು ತಾಲ್ಲೂಕು. ಸಹಿ: ಡಿಜಿಟಲ್. ಬಾಕಿ: ಫೋನಿನಲ್ಲಿ ಹೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿ; ನಾನು ಪತ್ರ ಬರೆಯುತ್ತ ಕೂತಿದ್ದಾಗ ಬಡ್ಡಿ ಕೂತಿರಲಿಲ್ಲ. ತಂದೆಯ ಹೆಸರು: ಅನ್ವಯಿಸುವುದಿಲ್ಲ.

ನಮ್ಮಪ್ಪ ಅನ್ವಯಿಸುವುದಿಲ್ಲವಂತೆ! ಬದುಕಿದ್ದಷ್ಟು ದಿನ ಮನೆಯ ಪ್ರತಿ ವಿಷಯಕ್ಕೂ ಅನ್ವಯಿಸಿದ ಮನುಷ್ಯ. ನನ್ನ ಕ್ರಾಪಿನ ಉದ್ದಕ್ಕೂ ಅನ್ವಯಿಸುತ್ತಿದ್ದ, ಪಕ್ಕದ ಮನೆಯ ಜಗಳಕ್ಕೂ ಅನ್ವಯಿಸುತ್ತಿದ್ದ. ಸಾಲದ ಸುದ್ದಿಗಿಂತ ಈ ಒಂದು ಸಾಲು ನನ್ನನ್ನು ಹೆಚ್ಚು ಕೆರಳಿಸಿತು.

ಕಾಗದ ಕೇಳಿದ ಮೇಲೆ ಕಾಗದದಂಥದ್ದೊಂದು ಬಂದರೆ ಏನು ಮಾಡಬೇಕು? ಇದು ಸೂಕ್ಷ್ಮ ಘಟ್ಟ. ಅರ್ಧ ಜನ ಇಲ್ಲಿ ಹೆದರಿ ‘ಸ್ವಲ್ಪ ಟೈಮ್ ಕೊಡ್ರಿ’ ಎಂದು ಬರೆದುಬಿಡುತ್ತಾರೆ. ಇನ್ನರ್ಧ ಜನ ಬೈದು ಫೋನ್ ಸ್ವಿಚ್ ಆಫ್ ಮಾಡುತ್ತಾರೆ. ಎರಡರಿಂದಲೂ ಲೆಕ್ಕ ಹರಿಯುವುದಿಲ್ಲ. ನನಗೆ ದಾರಿ ಸಿಕ್ಕಿದ್ದು ನಮ್ಮ ಕಿರಾಣಿ ಶೆಟ್ಟರ ಅಂಗಡಿಯಲ್ಲಿ. ಗೋಡೆಯ ಮೇಲೆ ‘ಇಂದು ನಗದು ನಾಳೆ ಉದ್ರಿ’ ಎಂಬ ಬೋರ್ಡು, ಗಲ್ಲಾಪೆಟ್ಟಿಗೆಯ ಕೆಳಗೆ ಅಂಗೈ ದಪ್ಪದ ಉದ್ರಿ ಪುಸ್ತಕ. ಬಾಕಿ ಜಾಸ್ತಿಯಾಯಿತು ಅನ್ನಿಸಿದರೆ ಗಿರಾಕಿ ‘ಲೆಕ್ಕ ತೆಗೀರಿ ಶೆಟ್ರ’ ಅನ್ನುತ್ತಾನೆ. ಶೆಟ್ಟರು ಸಿಟ್ಟಾಗುವುದಿಲ್ಲ. ಬೆರಳಿಗೆ ಉಗುಳು ಹಚ್ಚಿ ಪುಟ ತಿರುವಿ, ‘ಅಮಾಸಿ ದಿನ ಬೆಲ್ಲ, ಮರುದಿನ ನಿಮ್ಮ ಹುಡುಗ ಬಂದು ಒಯ್ದ ಎಣ್ಣಿ’ ಎಂದು ತೋರಿಸುತ್ತಾರೆ. ತೋರಿಸಿದ ಮೇಲೆ ಗಿರಾಕಿ ಕೊಡುತ್ತಾನೆ. ಲೆಕ್ಕ ಕೇಳುವವನು ಸಾಲ ಮುಳುಗಿಸುವವನಲ್ಲ. ಮುಳುಗಿಸುವವನು ಲೆಕ್ಕ ಕೇಳುವುದೇ ಇಲ್ಲ, ಅಂಗಡಿ ಬದಲಿಸುತ್ತಾನೆ.

ದೊಡ್ಡ ಲೇವಾದೇವಿಗಾರರೂ ಹಿಂದೆ ಹೀಗೆಯೇ ಪರಿಶೀಲಿಸುತ್ತಿದ್ದರು. ಹಂಪಿಗೆ ಹೋದವರು ತುಂಗಭದ್ರೆಯ ದಡದ ಪುರಂದರ ಮಂಟಪ ನೋಡಿಯೇ ಇರುತ್ತೀರಿ. ದಾಸರಾಗುವ ಮುಂಚೆ ಪುರಂದರರು ಶ್ರೀನಿವಾಸ ನಾಯಕರೆಂಬ ಕುಬೇರ ವ್ಯಾಪಾರಿ. ಬಡ ಬ್ರಾಹ್ಮಣನೊಬ್ಬ ತಂದು ಒತ್ತೆಯಿಟ್ಟ ಮೂಗುತಿ ತನ್ನ ಹೆಂಡತಿಯದೇ ಎಂಬ ಗುಮಾನಿ ಹುಟ್ಟಿದ್ದೇ ತಡ, ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಖಾತ್ರಿ ಮಾಡಿಕೊಳ್ಳಲು ಖುದ್ದು ಮನೆಗೆ ಓಡಿದರು ಎಂಬುದು ಕತೆ. ಮನೆಯಲ್ಲಿ ಹೆಂಡತಿ ಸರಸ್ವತಿಬಾಯಿ ಹೆದರಿ ಕುಡಿಯಹೊರಟ ವಿಷದ ಬಟ್ಟಲಿಗೆ ಮೂಗುತಿ ಬಿತ್ತು, ಅಂಗಡಿಯ ಪೆಟ್ಟಿಗೆ ಖಾಲಿಯಾಗಿತ್ತು. ನಾಯಕರು ಸಂಪತ್ತೆಲ್ಲ ದಾನ ಮಾಡಿ ತಂಬೂರಿ ಹಿಡಿದರು. ದಾಖಲೆಯನ್ನು ಸರಿಯಾಗಿ ಪರಿಶೀಲಿಸಿದರೆ ವೈರಾಗ್ಯ ಬರುವ ಅಪಾಯವಿದೆ. ಈಗಿನ ಕಂಪನಿಗಳು ಪರಿಶೀಲಿಸದೇ ಇರುವುದು ಬಹುಶಃ ಈ ಭಯಕ್ಕೇ.

ಎರಡನೇ ಪತ್ರ ಚಿಕ್ಕದಾಗಿ ಬರೆದೆ. ‘ನೀವು ಕಳಿಸಿದ್ದು ಬಾಕಿಯ ಚೀಟಿ, ಸಾಲದ ಪುರಾವೆಯಲ್ಲ. ನಾನು ಕೇಳಿದ ಕರಾರು, ಹಣ ಜಮೆಯಾದ ಖಾತೆ ಇದರಲ್ಲಿ ಇಲ್ಲ, ಪ್ಯಾನ್ ಸಂಖ್ಯೆಯೂ ಇಲ್ಲ. ನನ್ನ ಕ್ರೆಡಿಟ್ ವರದಿಯಲ್ಲಿ ಇಂಥ ಸಾಲವೇ ಇಲ್ಲ. ಈ ಸಾಲ ನನ್ನದೆಂದು ನಾನು ಒಪ್ಪುವುದಿಲ್ಲ. 30 ದಿನದೊಳಗೆ ಸಾಲ ಕೊಟ್ಟ ಸಂಸ್ಥೆಯಿಂದ ಸಮರ್ಪಕ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡುತ್ತೇನೆ.’ ಪ್ರತಿಯನ್ನು ಆ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೂ ಕಳಿಸಿದೆ. ಕ್ರೆಡಿಟ್ ವರದಿ ವರ್ಷಕ್ಕೊಮ್ಮೆ ಪುಕ್ಕಟೆ ಸಿಗುತ್ತದೆ, ಒಂಬುಡ್ಸ್‌ಮನ್ ದೂರಿಗೂ ಶುಲ್ಕವಿಲ್ಲ. ಇಡೀ ಯುದ್ಧದಲ್ಲಿ ನನಗೆ ಖರ್ಚಾದದ್ದು ಚಹಾ ಮಾತ್ರ. ಕೊನೆಯಲ್ಲಿ ‘ನನ್ನ ತಂದೆ ಅನ್ವಯಿಸುತ್ತಾರೆ’ ಎಂದು ಪ್ರತ್ಯೇಕ ಸಾಲಿನಲ್ಲಿ ಬರೆದು ಅವರ ಪೂರ್ತಿ ಹೆಸರು ಕೊಟ್ಟೆ.

ಹುಡುಗ ಮತ್ತೆ ಫೋನ್ ಮಾಡಿದ. ಈ ಸಲ ದನಿಯಲ್ಲಿ ಬೆಲ್ಲ. ‘ಸರ್, ಅದೆಲ್ಲ ಬಿಡಿ. ನೂರು ರೂಪಾಯಿ ಹಾಕಿ ಸಾಕು, ಸಿಸ್ಟಮ್‌ನಲ್ಲಿ ಒಂದು ಎಂಟ್ರಿ ಆಗಲಿ.’

ಈ ನೂರು ರೂಪಾಯಿಯ ಮಹಿಮೆ ಅವನಿಗೆ ಗೊತ್ತಿತ್ತೋ ಇಲ್ಲವೋ, 1963ರ ಕಾಲಮಿತಿ ಕಾಯ್ದೆಗೆ ಗೊತ್ತು. ಇಂಥ ಸಾಲಕ್ಕೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷ. ಆ ಅವಧಿ ಮುಗಿಯುವ ಮುಂಚೆ ಬರೆದು ಸಹಿ ಹಾಕಿ ಸಾಲ ಒಪ್ಪಿಕೊಂಡರೆ, ಅಥವಾ ತನ್ನ ಸಹಿಯ ಗುರುತಿರುವಂತೆ ಒಂದಿಷ್ಟು ಕಟ್ಟಿದರೆ, ಮೂರು ವರ್ಷದ ಎಣಿಕೆ ಮತ್ತೆ ಒಂದರಿಂದ ಶುರು. ‘ನೂರಲ್ಲ, ನಾಕಾಣೆನೂ ಹಾಕಂಗಿಲ್ಲಪ್ಪ. ನಿನ್ನ ಮಾತೆಲ್ಲ ಬರವಣಿಗೆಯಾಗ ಕಳಿಸು’ ಎಂದೆ.

ಕೆಲವು ದಿನ ಸದ್ದಿಲ್ಲ. ಆಮೇಲೆ ಒಂದು ಮಧ್ಯಾಹ್ನ, ಬಹಳ ವಿನಯದಿಂದ: ‘ಸರ್, ನಿಮ್ಮ ಹೆಸರು ಲಿಸ್ಟ್‌ನಿಂದ ತೆಗೆದಿದ್ದೀವಿ. ಒಂದು ಹೆಲ್ಪ್ ಬೇಕಿತ್ತು. ನಿಮ್ಮ ಕಡೆ ಬೇರೆ ಯಾರಾದ್ರೂ ಕುಮಾರಸ್ವಾಮಿ ಇದ್ದಾರಾ?’

‘ಬೆಟ್ಟದ ಮ್ಯಾಲೆ ಒಬ್ಬಾತ ಅದಾನ. ತಂದೆಯ ಹೆಸರು ಶಿವ. ಬರಕೋ’ ಎಂದೆ.

ಈ ವಿಜಯ ಊರಲ್ಲಿ ಹರಡಿ, ಜನ ನನ್ನಿಂದ ಪತ್ರ ಬರೆಸಿಕೊಳ್ಳಲು ಬರತೊಡಗಿದರು. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲದ ಕಿರುಕುಳಕ್ಕೆ ಹತ್ತು ವರ್ಷದವರೆಗೆ ಜೈಲು ಎಂದು ಸುಗ್ರೀವಾಜ್ಞೆ ತಂದಾಗಲಂತೂ ನಮ್ಮ ಕಟ್ಟೆಯ ಮೇಲೆ ಕಾನೂನು ಪಾಠವೇ ನಡೆಯಿತು. ರಾಜ್ಯಪಾಲರೂ ಆ ಕಡತವನ್ನು ಮೊದಲ ಸಲ ಆಕ್ಷೇಪ ಬರೆದು ವಾಪಸು ಕಳಿಸಿದ್ದರು ಎಂದು ಹೇಳಿ, ಪ್ರಶ್ನೆ ಕೇಳುವುದು ಎಷ್ಟು ದೊಡ್ಡವರ ಲಕ್ಷಣ ಎಂಬುದನ್ನು ಮನದಟ್ಟು ಮಾಡಿಸಿದೆ. ಕೇಳಿಸಿಕೊಂಡವರಲ್ಲಿ ಹಬ್ಬಕ್ಕೆಂದು ಕಂಪ್ಲಿಯಿಂದ ಬಂದಿದ್ದ ನನ್ನ ಭಾಮೈದನೂ ಇದ್ದ.

ಈ ಭಾಮೈದ ಹಿಂದೊಮ್ಮೆ ಗದ್ದೆಗೆ ಬೋರು ಕೊರೆಸಲು ನನ್ನಿಂದ ಕೈಗಡ ಒಯ್ದಿದ್ದ. ನೀರು ಬಂತು, ಭತ್ತ ಬಂತು, ದುಡ್ಡು ಬರಲಿಲ್ಲ. ಮೊನ್ನೆ ಧೈರ್ಯ ಮಾಡಿ ಫೋನ್ ಹಚ್ಚಿ ಕೇಳಿದೆ.

‘ಮಾವ, ತಪ್ಪು ತಿಳ್ಕಾಬ್ಯಾಡ್ರಿ. ಯಾವ ತಾರೀಕು, ಎಷ್ಟು, ಸಾಕ್ಷಿ ಯಾರು, ಒಂದೀಟು ಕಾಗದದಾಗ ಬರದು ಕಳಿಸ್ರಿ. ನೀವ ಹೇಳಿಕೊಟ್ಟೀರಲ್ಲ’ ಎಂದ.

ನಾನು ಕೆಂಪಗಾದೆ. ‘ನಿಮ್ಮಕ್ಕನ ಎದುರಿಗೇ ಎಣಿಸಿ ಕೊಟ್ಟೀನಲ್ಲೋ! ಸಾಕ್ಷಿ ಇಲ್ಲೇ ಅದಾಳ, ಕೇಳು’ ಎಂದು ಅಡುಗೆಮನೆಯ ಕಡೆ ಫೋನು ಚಾಚಿದೆ.

ಸಾಕ್ಷಿ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು. ನನ್ನನ್ನೊಮ್ಮೆ, ಗೋಡೆಯ ಗಡಿಯಾರವನ್ನೊಮ್ಮೆ ನೋಡಿದಳು.

‘ಏಳು ದಾಟೇತಿ. ಹೊತ್ತು ಮುಳುಗಿದ ಮ್ಯಾಲೆ ಬಾಕಿ ಕೇಳಬಾರದು ಅಂತ ರಿಸರ್ವ್ ಬ್ಯಾಂಕ್‌ನವರು ಹೇಳ್ಯಾರಂತ ನೀವ ಓದಿದ್ದಿರಿ. ಫೋನ್ ಇಡ್ರಿ ಮೊದ್ಲು.’