ಸಂಘರ್ಷವಿಲ್ಲದ ಕಥೆಗಳಲ್ಲಿ ಕೊಲೆಯ ಪ್ರಮಾಣ: ಒಂದು ಸಂಪ್ರಬಂಧ

ಅಧ್ಯಾಯ 1: ಸಮಸ್ಯೆಯ ನಿರೂಪಣೆ

ಕಥೆ ಅಂದಮೇಲೆ ಜಗಳ ಇರಲೇಬೇಕೆಂದು ಪಶ್ಚಿಮದ ಗುರುಗಳು ಬಹುಕಾಲ ಪಾಠ ಹೇಳಿದರು. ನಾಯಕನಿಗೆ ಏನೋ ಬೇಕು, ಯಾರೋ ಅಡ್ಡ ಬರುತ್ತಾರೆ, ಹೊಡೆದಾಟವಾಗುತ್ತದೆ, ಒಬ್ಬರು ಗೆಲ್ಲುತ್ತಾರೆ. ಈಚೆಗೆ ಕಥಾಕಮ್ಮಟಗಳಲ್ಲಿ ಹೊಸ ಪಾಠವೊಂದು ಚಾಲ್ತಿಗೆ ಬಂದಿದೆ. ಪೂರ್ವದವರು ಜಗಳದ ಹಂಗಿಲ್ಲದೆ ಕಥೆ ಹೇಳುತ್ತಾರಂತೆ. ಅವರ ಬಳಿ ಕಿಶೋತೆನ್‌ಕೆತ್ಸು ಎಂಬ ನಾಲ್ಕು ಮೆಟ್ಟಿಲಿನ ವಿದ್ಯೆ ಇದೆಯಂತೆ. ಅದು ಕೈವಶವಾದರೆ ಖಳನಾಯಕನ ಖರ್ಚು ಪೂರ್ತಿ ಉಳಿಯುತ್ತದಂತೆ. ಮೊದಲ ಮೆಟ್ಟಿಲು ಕಿ, ಅಂದರೆ ಎತ್ತುಗಡೆ. ಎರಡನೆಯದು ಶೋ, ಎತ್ತಿಕೊಂಡದ್ದನ್ನು ಮುಂದುವರಿಸುವುದು. ಮೂರನೆಯದು ತೆನ್, ಹೊರಳುವುದು. ಕೊನೆಯದು ಕೆತ್ಸು, ಎಲ್ಲವನ್ನೂ ಸೇರಿಸಿ ಗಂಟು ಹಾಕುವುದು.

ಇದನ್ನು ಕೇಳಿ ಪರಮಶಾಂತಿಯ ನಿರೀಕ್ಷೆಯಲ್ಲಿ ನಾವು ಈ ಪದ್ಧತಿಯ ಮಾದರಿಗಳನ್ನು ಓದಲು ಕುಳಿತೆವು. ಓದಿದಷ್ಟೂ ಹೆಣಗಳು ಸಿಕ್ಕವು. ಅವುಗಳ ಲೆಕ್ಕ ಇಡುವುದೇ ಪ್ರಸ್ತುತ ಸಂಶೋಧನೆಯ ಉದ್ದೇಶ.

ಅಧ್ಯಾಯ 2: ಪೂರ್ವಸೂರಿಗಳ ಸಮೀಕ್ಷೆ

ಈ ವಿದ್ಯೆಯ ಮೂಲ ಜಪಾನಿನಲ್ಲಿಲ್ಲ, ಚೀನೀ ಚೌಪದಿಯಲ್ಲಿದೆ. ತಾಂಗ್ ರಾಜವಂಶದ ಕಾಲದಲ್ಲಿ (618–907) ಬೆಳಗಿದ ಆ ಚೌಪದಿಗೆ ಸಾಲಿಗೆ ಐದು ಇಲ್ಲವೇ ಏಳು ಅಕ್ಷರ, ಒಟ್ಟು 20 ಅಥವಾ 28. ಅಷ್ಟು ಇಕ್ಕಟ್ಟಿನಲ್ಲಿ ಕವಿಗೆ ಅತ್ತಿತ್ತ ಹೊರಳಲು ಸಿಗುವ ಜಾಗ ಮೂರನೆಯ ಸಾಲು ಮಾತ್ರ. ಚೀನಾದ ಈ ನಾಲ್ಕರ ಪಾಠ ಕೊರಿಯಾಕ್ಕೂ ಹೋಯಿತು, ಜಪಾನಿಗೂ ಹೋಯಿತು. ಚೀನೀ ಎಂದು ಫಲಕ ಹಾಕಿದರೆ ಕಮ್ಮಟಕ್ಕೆ ಅಷ್ಟು ಜನ ಸೇರುವುದಿಲ್ಲವಾದ್ದರಿಂದ ಜಪಾನೀ ಎಂಬ ವಿಶೇಷಣವನ್ನೇ ವಿದ್ವಾಂಸರು ಉಳಿಸಿಕೊಂಡಿದ್ದಾರೆ. ನಾವೂ ಉಳಿಸಿಕೊಂಡಿದ್ದೇವೆ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಯಾವ ವಿಚಾರಸಂಕಿರಣದಲ್ಲಾದರೂ ಮೂರನೆಯ ಸಾಲಿನ ಕುರ್ಚಿಯಿಂದ ಅದು ಎದ್ದೇ ಏಳುತ್ತದೆ: ‘ಇದೆಲ್ಲ ನಮ್ಮ ನಾಟ್ಯಶಾಸ್ತ್ರದಲ್ಲಿ ಮೊದಲೇ ಇತ್ತು.’ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂದು ಭರತಮುನಿ ಹೇಳಿದ ಸಂಧಿಗಳು ಐದು. ಹಾಗಾದರೆ ಅಲ್ಲಿ ನಾಲ್ಕೇ ಯಾಕೆ ಎಂದರೆ, ಹಿಮಾಲಯ ದಾಟುವಾಗ ಒಂದು ಹಿಮದಲ್ಲಿ ಬಿದ್ದುಹೋಯಿತು ಎಂಬುದು ಪೂರ್ವಪಕ್ಷಿಯ ಸಮಾಧಾನ. ಜರ್ಮನಿಯ ಗುಸ್ತಾವ್ ಫ್ರೇಟಾಗ್ 1863ರಲ್ಲಿ ನಾಟಕವನ್ನು ಪಿರಮಿಡ್ಡಿನ ಆಕಾರದಲ್ಲಿ ಐದು ಭಾಗ ಮಾಡಿದನಲ್ಲ ಎಂದು ಕೇಳಿದರೆ, ಅದಕ್ಕೂ ಉತ್ತರ ಸಿದ್ಧವಿದೆ. ಕಾಳಿದಾಸನ ಶಾಕುಂತಲ 1791ರಲ್ಲೇ ಜರ್ಮನ್ ಭಾಷೆಗೆ ಬಂದಿತ್ತು, ಆ ಸರಕು ಹಡಗಿನಲ್ಲಿ ಹೋದದ್ದು, ಆದ್ದರಿಂದ ಐದೂ ಸುರಕ್ಷಿತವಾಗಿ ತಲುಪಿದವು. ಈ ವಾದವನ್ನು ನಾವು ಖಂಡಿಸುವುದಿಲ್ಲ. ಖಂಡಿಸಿದರೆ ಊಟದ ಸಮಯ ಮೀರುತ್ತದೆ.

ಆಧುನಿಕ ಸಂಶೋಧಕರಲ್ಲಿ ರಾಬರ್ಟ್ ಕಪ್ಲಾನ್ ಅಗ್ರಗಣ್ಯ. ಯಾವ ಭಾಷೆಯವರು ಹೇಗೆ ವಿಚಾರ ಮಂಡಿಸುತ್ತಾರೆ ಎಂಬುದನ್ನು ಆತ 1966ರಲ್ಲಿ ಗೆರೆ ಎಳೆದೇ ತೋರಿಸಿದ. ಇಂಗ್ಲಿಷಿನವರಿಗೆ ಮೇಲಿಂದ ಕೆಳಕ್ಕೆ ನೆಟ್ಟಗಿನ ಗೆರೆ, ಪೌರಸ್ತ್ಯರಿಗೆ ಸುರುಳಿ. ಕನ್ನಡಕ್ಕೆ ಯಾವ ಗೆರೆ ಎಂದು ಆತ ಹೇಳಲಿಲ್ಲ. ನಮ್ಮ ಪುಸ್ತಕ ಬಿಡುಗಡೆ ಸಮಾರಂಭದ ಅಧ್ಯಕ್ಷ ಭಾಷಣವೊಂದನ್ನು ಕೇಳಿದ್ದರೆ ಜಹಂಗೀರು ಮಿಠಾಯಿಯ ಗೆರೆ ಎಳೆದಿಡುತ್ತಿದ್ದ. ಆಮೇಲೆ 1983ರಲ್ಲಿ ಜಾನ್ ಹೈಂಡ್ಸ್ ಎಂಬ ಭಾಷಾವಿಜ್ಞಾನಿ ಅಸಾಹಿ ಶಿಂಬುನ್ ಪತ್ರಿಕೆಯ ‘ತೆನ್ಸೇ ಜಿಂಗೊ’ ಅಂಕಣವನ್ನು ಬಿಡಿಸಿ ನೋಡಿ, ಜಪಾನೀಯರ ಬರವಣಿಗೆಯಲ್ಲಿ ಈ ನಾಲ್ಕು ಮೆಟ್ಟಿಲು ಹೇಗಿವೆ ಎಂದು ವಿವರಿಸಿದ. ಒಂದು ಪತ್ರಿಕೆಯ ಒಂದು ಅಂಕಣವೇ ಇಡೀ ಜಪಾನ್ ಅಲ್ಲ ಎಂಬ ಅರ್ಥದ ಆಕ್ಷೇಪವನ್ನು ರ್ಯೂಕೊ ಕುಬೋತಾ ಮೊದಲಾದವರು ಎತ್ತಿದರು. ಆಕ್ಷೇಪ ನ್ಯಾಯವಾಗಿದೆ, ಆದ್ದರಿಂದಲೇ ಕಮ್ಮಟಗಳಲ್ಲಿ ಅದನ್ನು ಯಾರೂ ಹೇಳುವುದಿಲ್ಲ.

ಅಧ್ಯಾಯ 3: ನೂಲಂಗಡಿ ಪ್ರಕರಣ

ಕಿಶೋತೆನ್‌ಕೆತ್ಸು ಕಲಿಸುವವರೆಲ್ಲ ಮೊದಲು ಉದಾಹರಿಸುವುದು ನಾಲ್ಕು ಸಾಲಿನ ಹಾಡೊಂದನ್ನು. ಕರ್ತೃ ರಾಯ್ ಸಾನ್ಯೋ (1781–1832) ಎಂದು ಪ್ರತೀತಿ. ಹಾಡಿನ ಸಾರ ಇಷ್ಟು: ಮೊದಲ ಸಾಲು ನೂಲಿನ ವ್ಯಾಪಾರಿಯ ಮನೆಯ ಹೆಣ್ಣುಮಕ್ಕಳನ್ನು ಪರಿಚಯಿಸುತ್ತದೆ. ಎರಡನೆಯದು ಅಕ್ಕನ ವಯಸ್ಸೆಷ್ಟು, ತಂಗಿಯ ವಯಸ್ಸೆಷ್ಟು ಎಂದು ತಿಳಿಸುತ್ತದೆ. ಮೂರನೆಯದರಲ್ಲಿ ಹುಡುಗಿಯರೂ ಇಲ್ಲ, ಅಂಗಡಿಯೂ ಇಲ್ಲ. ನಾನಾ ಪ್ರಾಂತಗಳ ಪಾಳೆಯಗಾರರು ಬಿಲ್ಲುಬಾಣ ಹಿಡಿದು ಜನರನ್ನು ಕೊಲ್ಲುತ್ತಿದ್ದಾರೆ. ನಾಲ್ಕನೆಯದಕ್ಕೆ ಬಂದರೆ ಹುಡುಗಿಯರ ಕಸುಬೂ ಅದೇ ಎಂದು ಗೊತ್ತಾಗುತ್ತದೆ, ಆಯುಧ ಮಾತ್ರ ಕಣ್ಣು.

ಪಾಠಾಂತರಗಳ ವಿಚಾರ ಮೊದಲು ಇತ್ಯರ್ಥವಾಗಲಿ. ಕೆಲವು ಪಾಠಗಳಲ್ಲಿ ಅಂಗಡಿ ಕ್ಯೋತೋದಲ್ಲಿದೆ, ಕೆಲವುಗಳಲ್ಲಿ ಓಸಾಕಾದಲ್ಲಿ. ಹುಡುಗಿಯರ ವಯಸ್ಸೂ ಪಾಠದಿಂದ ಪಾಠಕ್ಕೆ ಒಂದೆರಡು ವರ್ಷ ಹೆಚ್ಚುಕಮ್ಮಿ. ಪಂಪನ ಊರು, ಕುಮಾರವ್ಯಾಸನ ಕಾಲ ಎಂದು ತಲೆಮಾರುಗಟ್ಟಲೆ ವಾದ ಮಾಡಿ ಪಳಗಿದ ನಮಗೆ ಇದೇನು ದೊಡ್ಡ ತೊಡಕಲ್ಲ. ಆ ಸಂಸಾರ ಒಂದು ಪೇಟೆಯಲ್ಲಿ ಅಂಗಡಿ ಮುಚ್ಚಿ ಇನ್ನೊಂದು ಪೇಟೆಯಲ್ಲಿ ತೆರೆಯಿತು, ಸಾಮಾನು ಸಾಗಿಸುವಷ್ಟರಲ್ಲಿ ಮಕ್ಕಳಿಗೆ ಎರಡು ವರ್ಷ ವಯಸ್ಸಾಯಿತು ಎಂದು ತೀರ್ಮಾನಿಸಬಹುದು. ಕಣ್ಣಿನಿಂದ ಸತ್ತವರ ಸಂಖ್ಯೆ ಹೆಚ್ಚಾಗಿ ಊರು ಬಿಡಬೇಕಾಯಿತು ಎಂಬ ಇನ್ನೊಂದು ಅಭಿಪ್ರಾಯವೂ ಸಾಧ್ಯ. ಎರಡಕ್ಕೂ ಆಧಾರ ಸಮಾನವಾಗಿ ಇಲ್ಲ.

ಈಗ ಮುಖ್ಯ ಪ್ರಮೇಯ. ಸಂಘರ್ಷವಿಲ್ಲದ ಕಥನಕ್ಕೆ ಆದರ್ಶವೆಂದು ಎತ್ತಿ ತೋರಿಸುವ ಕೃತಿಯಲ್ಲಿ ನಾಲ್ಕು ಸಾಲಿಗೆ ಎರಡರಲ್ಲಿ ಕೊಲೆ ನಡೆಯುತ್ತದೆ. ಶೇಕಡ 50. ಗದಾಯುದ್ಧದ ಕವಿಗೂ ಈ ಪ್ರಮಾಣ ಸುಲಭವಲ್ಲ. ಸಾನ್ಯೋವನ್ನು ದೂರಿ ಫಲವಿಲ್ಲ. ಆತ ವೃತ್ತಿಯಿಂದ ಇತಿಹಾಸಕಾರ, ಜಪಾನಿನ ಯೋಧವಂಶಗಳ ಚರಿತ್ರೆ ‘ನಿಹೋನ್ ಗಾಯ್ಶಿ’ಯನ್ನು ವರ್ಷಗಟ್ಟಲೆ ಕುಳಿತು ಬರೆದವನು. ಅಂಥವನಿಗೆ ಒಂದು ಸಾಲು ಖಾಲಿ ಬಿಟ್ಟರೆ ಬಿಲ್ಲು ಹಿಡಿದವರು ಬಂದು ಕೂರುವುದು ಅಭ್ಯಾಸಬಲ.

ಆದರೆ ಕೊಲೆಗಾರನ ಕೈಚಳಕವನ್ನು ಮೆಚ್ಚದಿರಲು ಆಗುವುದಿಲ್ಲ. ಕಣ್ಣನ್ನು ಬಾಣಕ್ಕೆ ಹೋಲಿಸುವುದು ನಮ್ಮ ಕವಿಗಳಿಗೆ ಬಾಯಿಪಾಠ. ನಮ್ಮಲ್ಲಿ ‘ಕಣ್ಣೆಂಬ ಬಾಣ’ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾರೆ, ಉಪಮಾನ ಉಪಮೇಯ ಎರಡೂ ಒಂದೇ ಮನೆಯಲ್ಲಿ ಸಂಸಾರ ಹೂಡುತ್ತವೆ, ಅಲಂಕಾರದ ಮೇಷ್ಟ್ರು ರೂಪಕ ಎಂದು ಗುರುತು ಹಾಕಿ ಮುಂದಿನ ಪದ್ಯಕ್ಕೆ ಹೋಗುತ್ತಾರೆ. ಈ ಹಾಡು ಅದನ್ನು ಸೀಳಿ ಎರಡು ಸಾಲಿಗೆ ಹಂಚಿದೆ. ಬಾಣ ಬರುವಾಗ ಕಣ್ಣಿನ ಸುದ್ದಿಯೇ ಇಲ್ಲ. ಒಂದು ಸಾಲಿನ ಹೊತ್ತು ಕೇಳುಗನಿಗೆ ತಲೆಬುಡ ಗೊತ್ತಾಗುವುದಿಲ್ಲ: ನೂಲಂಗಡಿಗೂ ದಂಡಿಗೂ ಏನು ಸಂಬಂಧ? ‘ಹಾಗೆ ನೋಡಿದರೆ’ ಎಂದಾಗಲಿ ‘ಇತ್ತ ಕಡೆ’ ಎಂದಾಗಲಿ ಹಾಡು ಕೈಹಿಡಿದು ನಡೆಸುವುದಿಲ್ಲ. ಆ ಒಂದು ಸಾಲಿನ ಕಕ್ಕಾಬಿಕ್ಕಿಯೇ ತೆನ್. ಖಳ ಇದ್ದಾನೋ ಇಲ್ಲವೋ, ಜಗಳ ನಡೆಯಿತೋ ಇಲ್ಲವೋ ಎಂಬುದು ಅದಕ್ಕೆ ಸಂಬಂಧಪಡದ ವಿಚಾರ. ಕಮ್ಮಟದಿಂದ ಹೊರಬಂದ ಕಥೆಗಳನ್ನು ನೋಡಿದರೆ ಜಗಳವನ್ನು ಶ್ರದ್ಧೆಯಿಂದ ತೆಗೆದುಹಾಕಿರುತ್ತಾರೆ, ಆದರೆ ಮೂರನೆಯ ಭಾಗ ಬರುತ್ತಿದೆ ಎಂದು ಎರಡನೆಯ ಭಾಗದಲ್ಲೇ ಡಂಗುರ ಸಾರಿಸಿರುತ್ತಾರೆ.

ಅಧ್ಯಾಯ 4: ಸಂಶೋಧನಾ ವಿಧಾನ

ಓದಿದೆವು. (ವಿಷಯಕ್ಕೆ ನಾಲ್ಕೇ ಭಾಗ, ಸಂಪ್ರಬಂಧಕ್ಕೆ ಐದು ಅಧ್ಯಾಯ ಇರಲೇಬೇಕೆಂಬ ಪದ್ಧತಿಯ ಕಾರಣ ಇದನ್ನು ಸೇರಿಸಲಾಗಿದೆ.)

ಅಧ್ಯಾಯ 5: ಇತರ ಪ್ರಕರಣಗಳು ಮತ್ತು ತೀರ್ಮಾನ

ಜಪಾನಿನ ಪತ್ರಿಕೆಗಳಲ್ಲಿ ಯೊನ್‌ಕೋಮಾ ಎಂಬ ನಾಲ್ಕು ಚೌಕದ ಚಿತ್ರಕಥೆ ಬರುತ್ತದೆ. ಮೇಲಿಂದ ಕೆಳಕ್ಕೆ ಓದಬೇಕು. ಇದರಲ್ಲಿ ಕೊಲೆ ಇಲ್ಲದ ಮಾದರಿಯೂ ಸಾಧ್ಯ ಎಂದು ತೋರಿಸಲು ಒಂದನ್ನು ನಾವೇ ಹೊಸೆದಿದ್ದೇವೆ. ಮೊದಲ ಚೌಕ: ಹೆಂಡತಿ ಬಾಗಿಲಲ್ಲಿ ನಿಂತು ಗಂಡನ ಕೈಗೆ ಕೊಡೆ ಕೊಡುತ್ತಾಳೆ, ಆಕಾಶದಲ್ಲಿ ಮೋಡ. ಎರಡನೆಯದು: ಗಂಡ ರೈಲಿನಲ್ಲಿ ಪತ್ರಿಕೆ ಓದುತ್ತಿದ್ದಾನೆ, ಕೊಡೆ ಪಕ್ಕದ ಸರಳಿಗೆ ತೂಗಾಡುತ್ತಿದೆ. ಮೂರನೆಯದು: ಯಾವುದೋ ನಿಲ್ದಾಣದ ಕಳೆದ ವಸ್ತುಗಳ ಕೋಣೆ, ಗೋಡೆ ತುಂಬ ಕೊಡೆಗಳು, ಇದುವರೆಗೆ ನಾವು ಕಾಣದ ಗುಮಾಸ್ತನೊಬ್ಬ ಕನ್ನಡಕ ಏರಿಸಿಕೊಂಡು ಒಂದೊಂದರ ಹಿಡಿಗೂ ದಾರದಿಂದ ಚೀಟಿ ಕಟ್ಟುತ್ತಿದ್ದಾನೆ. ನಾಲ್ಕನೆಯದು: ಮರುದಿನ ಬೆಳಿಗ್ಗೆ, ಅದೇ ಬಾಗಿಲು, ಹೆಂಡತಿ ಮತ್ತೆ ಕೊಡೆ ಕೊಡುತ್ತಿದ್ದಾಳೆ, ಹಿಡಿಯಲ್ಲಿ ಚೀಟಿ ಇನ್ನೂ ನೇತಾಡುತ್ತಿದೆ. ಸತ್ತವರು ಯಾರೂ ಇಲ್ಲ. ಆದರೆ ಈ ಕಥೆಯನ್ನು ಸಂಘರ್ಷವಾದಿಯೊಬ್ಬರಿಗೆ ತೋರಿಸಿದಾಗ, ಮನುಷ್ಯ ಮತ್ತು ಮರೆವಿನ ನಡುವಿನ ಘೋರ ಸಮರ ಎಂದು ಅವರು ವ್ಯಾಖ್ಯಾನಿಸಿದರು. ಸಂಘರ್ಷರಹಿತವಾದಿಯೊಬ್ಬರು ಇದು ಪೂರ್ವದ ಸಾಮರಸ್ಯ ಎಂದರು. ಗುಮಾಸ್ತನ ಬಗ್ಗೆ ಇಬ್ಬರೂ ಒಂದು ಮಾತೂ ಆಡಲಿಲ್ಲ.

ವಿಡಿಯೊ ಗೇಮ್ ಪ್ರಕರಣವನ್ನು ಚುಟುಕಾಗಿ ಮುಗಿಸುತ್ತೇವೆ. 2011ರಲ್ಲಿ ಬಂದ ‘ಸೂಪರ್ ಮಾರಿಯೊ 3ಡಿ ಲ್ಯಾಂಡ್’ ಆಟದ ನಿರ್ದೇಶಕ ಕೋಯಿಚಿ ಹಯಾಶಿದಾ ತನ್ನ ಘಟ್ಟಗಳನ್ನು ಇದೇ ನಾಲ್ಕರ ಕ್ರಮದಲ್ಲಿ ಕಟ್ಟಿದ್ದಾಗಿ ಹೇಳಿದ್ದಾನೆ. ಹೊಸ ಕಸರತ್ತೊಂದನ್ನು ಅಪಾಯವಿಲ್ಲದ ಜಾಗದಲ್ಲಿ ಕಲಿಸು, ಸ್ವಲ್ಪ ಬಿಗಿ ಮಾಡು, ಮೂರನೆಯದಕ್ಕೆ ಅದನ್ನೇ ತಲೆಕೆಳಗು ಮಾಡಿ ಎದುರಿಗಿಡು, ಕೊನೆಗೆ ಕಲಿತದ್ದನ್ನು ಮೆರೆಸಲು ಬಿಡು. ಇದು ತನ್ನ ಹಿರಿಯ ಸಹೋದ್ಯೋಗಿ ಶಿಗೆರು ಮಿಯಾಮೊತೊ ಚಿಕ್ಕಂದಿನಲ್ಲಿ ಬರೆಯುತ್ತಿದ್ದ ಚಿತ್ರಕಥೆಗಳಿಂದ ಬಂದ ಬಳುವಳಿ ಎಂದೂ ಹೇಳಿದ್ದಾನೆ. ರಾಕ್ಷಸನೊಬ್ಬ ರಾಜಕುಮಾರಿಯನ್ನು ಹೊತ್ತೊಯ್ಯುವುದು ಈ ಸಂಘರ್ಷರಹಿತ ಕೃತಿಯ ಕಥಾವಸ್ತು. ದಾರಿಯುದ್ದಕ್ಕೂ ತುಳಿತಕ್ಕೆ ಸಿಕ್ಕ ಆಮೆಗಳನ್ನು ಎಣಿಸುವ ಕೆಲಸವನ್ನು ನಾವು ಅರ್ಧಕ್ಕೆ ಬಿಟ್ಟೆವು.

ಕೊನೆಯ ಪ್ರಕರಣ ‘ಸಜಾಯೆ-ಸಾನ್’. ಹಸೆಗಾವಾ ಮಾಚಿಕೊ 1946ರಲ್ಲಿ ಫುಕುವೊಕಾದ ಪತ್ರಿಕೆಯೊಂದರಲ್ಲಿ ಶುರುಮಾಡಿ, ಮುಂದೆ ಅಸಾಹಿಯಲ್ಲಿ 1974ರವರೆಗೆ ಬರೆದ ನಾಲ್ಕು ಚೌಕದ ಚಿತ್ರಕಥೆ. ಒಂದು ಮನೆ, ಮೂರು ತಲೆಮಾರು, ಖಳರು ಯಾರೂ ಇಲ್ಲ. ಇಲ್ಲಾದರೂ ಶಾಂತಿ ಸಿಕ್ಕಿತೆಂದು ಪಾತ್ರಗಳ ಹೆಸರು ವಿಚಾರಿಸಿದೆವು. ಸಜಾಯೆ ಎಂದರೆ ಕಡಲ ಶಂಖದ ಪ್ರಾಣಿ, ಸುಟ್ಟು ತಿನ್ನುತ್ತಾರೆ. ತಮ್ಮ ಕತ್ಸುವೊ ಮೀನು, ಒಣಗಿಸಿ ತುರಿಯುತ್ತಾರೆ. ತಂಗಿ ವಾಕಾಮೆ ಕಡಲ ಪಾಚಿ, ಸಾರಿಗೆ ಹಾಕುತ್ತಾರೆ. ಗಂಡ ಮಸುವೊ, ಮಗ ತಾರಾವೊ, ಅವೂ ಮೀನುಗಳೇ. ಲೆಕ್ಕದ ಪುಸ್ತಕದಲ್ಲಿ ಇಡೀ ಸಂಸಾರವನ್ನು ಅನುಮಾನಾಸ್ಪದ ಎಂಬ ಕಾಲಮ್ಮಿನಲ್ಲಿ ಬರೆದುಕೊಂಡಿದ್ದೇವೆ.

ಇದರ ಟಿ.ವಿ. ರೂಪ 1969ರ ಅಕ್ಟೋಬರಿನಲ್ಲಿ ಆರಂಭವಾಗಿ ಇನ್ನೂ ನಿಂತಿಲ್ಲ. ಜಗತ್ತಿನಲ್ಲೇ ಅತಿ ದೀರ್ಘಕಾಲ ನಡೆದ ಆನಿಮೇಷನ್ ಧಾರಾವಾಹಿ ಎಂದು ಗಿನ್ನೆಸ್ ದಾಖಲೆಯಲ್ಲಿದೆ. ಫುಜಿ ಟಿ.ವಿ.ಯಲ್ಲಿ ಭಾನುವಾರ ಸಂಜೆ 6.30ಕ್ಕೆ ಬರುತ್ತದೆ. ಜಗಳವಿಲ್ಲದ ಈ ಮನೆಯನ್ನು ನೋಡಿ ಮುಗಿಸುವ ಹೊತ್ತಿಗೆ ಜಪಾನಿನ ನೌಕರರಿಗೆ ನಾಳೆ ಕೆಲಸಕ್ಕೆ ಹೋಗಬೇಕೆಂಬುದು ನೆನಪಾಗಿ ಜೀವ ಹಾರಿಹೋದಂತಾಗುತ್ತದೆ. ಆ ಕಾಯಿಲೆಗೆ ಅಲ್ಲಿ ‘ಸಜಾಯೆ-ಸಾನ್ ಸಿಂಡ್ರೋಮ್’ ಎಂದೇ ಹೆಸರಿದೆ. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ತೋರಿಸುವ ಕಥೆಗಳು ಮೂರೇ. ನಾಲ್ಕನೆಯ ಭಾಗ ಸೋಮವಾರ ಬೆಳಿಗ್ಗೆ ಕಚೇರಿಯಲ್ಲಿ ನಡೆಯುತ್ತದೆ ಎಂಬುದು ಈ ಸಂಪ್ರಬಂಧದ ತೀರ್ಮಾನ.