ಕಾಳಿಗೆ ಕಲ್ಲು, ಕರಿಯನಿಗೆ ಕಾರಿನ ಬಾಗಿಲು: ಚನ್ನಗಿರಿ ಕೋಟೆಯ ಸಂದರ್ಶನ

ನಾಯಿಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಕತ್ತಲಗೆರೆಯ ಗದ್ದೆಬಯಲು ದಾಟಿ ಬರುವ ಪ್ರವಾಸಿ ಕುಟುಂಬಗಳು ಕೋಟೆ ಹತ್ತುವಾಗ ಅವುಗಳನ್ನು ಏನು ಮಾಡಬೇಕೆಂಬುದು ಇನ್ನೂ ಇತ್ಯರ್ಥವಾಗದ ಪ್ರಶ್ನೆಯಾಗಿರುವುದರಿಂದ, ಈ ಕುರಿತು ಚನ್ನಗಿರಿ ಬೆಟ್ಟದ ಕೋಟೆಯ ಹೇಳಿಕೆಯನ್ನೇ ಪಡೆಯಲಾಯಿತು. ಚಿತ್ರದುರ್ಗದ ಮಾತನ್ನು ಪ್ರಶ್ನಕಾರರು ಎತ್ತಬಾರದು, ಎತ್ತುವುದಿದ್ದರೆ ತಾನೇ ಎತ್ತುವುದು ಎಂಬ ಷರತ್ತಿನ ಮೇಲೆ ಕೋಟೆ ಒಪ್ಪಿತು.

ಪ್ರಶ್ನೆ: ಗಡಿಕೋಟೆ, ಅಂದರೆ ಸಂಸ್ಥಾನವೊಂದರ ಎಲ್ಲೆ ಕಾಯಲು ನಿಂತ ದುರ್ಗ, ನಾಯಿಯೊಡನೆ ಬಂದ ಅತಿಥಿಯನ್ನು ಹೇಗೆ ಕಾಣುತ್ತದೆ?

ಉತ್ತರ: ಊರಿಗೆ ಹೆಸರು ಕೊಟ್ಟ ಕೆಳದಿಯ ಚೆನ್ನಮ್ಮಾಜಿ, ಔರಂಗಜೇಬನ ಸೇನೆ ಬೆನ್ನಟ್ಟಿದ್ದ ಶಿವಾಜಿಯ ಮಗ ರಾಜಾರಾಮನಿಗೆ 1689ರಲ್ಲಿ ಆಶ್ರಯವಿತ್ತವಳಾದ್ದರಿಂದ ಆತಿಥ್ಯದ ಪಾಠ ತನಗೆ ಬೇಕಿಲ್ಲವೆಂದು ಕೋಟೆ ತಿಳಿಸಿತು. ಕತ್ತಲಗೆರೆಯ ಕೃಷಿ ಸಂಶೋಧನಾ ಕೇಂದ್ರವು ಕೆಳದಿ ಶಿವಪ್ಪ ನಾಯಕರ ಹೆಸರಿನ ವಿಶ್ವವಿದ್ಯಾಲಯಕ್ಕೆ ಸೇರಿರುವುದು ಸಮಾಧಾನದ ಸಂಗತಿಯಾದರೂ, ಏಳು ಸುತ್ತಿನ ಕೋಟೆಯೆಂಬ ಬಿರುದು ಚಿತ್ರದುರ್ಗಕ್ಕೆ, ಓಬವ್ವನ ಕಿಂಡಿ ದುರ್ಗಕ್ಕೆ, 1972ರ ‘ನಾಗರಹಾವು’ ಚಿತ್ರದ ಕೀರ್ತಿಯೂ ದುರ್ಗಕ್ಕೆ ಸಂದು, ಚನ್ನಗಿರಿಯ ಹೆಸರು ಪತ್ರಿಕೆಗಳಲ್ಲಿ ಅಡಿಕೆ ಧಾರಣೆಯ ಪಟ್ಟಿಗೆ ಸೀಮಿತವಾಗಿದೆಯೆಂದು ಅದು ದೀರ್ಘವಾಗಿ ವಿವರಿಸಿತು. ನಾಯಿಯ ಪ್ರಸ್ತಾಪ ಬರಲಿಲ್ಲ.

ಪ್ರಶ್ನೆ: ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೆಯ ಶತಮಾನದಲ್ಲಿ, ಕಾಡುಹಂದಿಯೊಡನೆ ಹೋರಾಡಿ ಮಡಿದ ಕಾಳಿಯೆಂಬ ಬೇಟೆನಾಯಿಗೆ ವೀರಗಲ್ಲು, ಅಂದರೆ ಹೋರಾಡಿ ಸತ್ತವರ ನೆನಪಿನ ಶಿಲೆ, ನೆಟ್ಟ ನಾಡಿದು. ಆ ಕಲ್ಲಿನ ನಾಯಿ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದೊಳಗಿರುವಾಗ, ಕೇಂದ್ರ ಸಂರಕ್ಷಿತ ಸ್ಮಾರಕಗಳಿಗಾಗಿ 1959ರಲ್ಲಿ ರಚಿಸಿದ ನಿಯಮಾವಳಿಯ 8ನೆಯ ನಿಯಮವು, ನಿರ್ವಹಣೆಯ ಹೊರತು ಬೇರಾವ ಉದ್ದೇಶಕ್ಕೂ ಪ್ರಾಣಿಗಳನ್ನು ಒಳತರಬಾರದೆನ್ನುವುದು ವಿಚಿತ್ರವಲ್ಲವೇ? ಉದಾಹರಣೆಗೆ ಚಿತ್ರದುರ್ಗದಲ್ಲಿ...

ಉತ್ತರ: ಷರತ್ತು ಮುರಿದಿದ್ದಕ್ಕೆ ಕೋಟೆ ಆಕ್ಷೇಪಿಸಿತು. ಆನೆ, ಕುದುರೆ, ಎತ್ತುಗಳಿಗೆಂದೇ ಕೋಟೆಬಾಗಿಲುಗಳನ್ನು ಅಗಲವಾಗಿ ಕಟ್ಟಲಾಗಿತ್ತೆಂದೂ, ಕೋತಿಗಳು ಇಂದಿಗೂ ಯಾವ ನಿಯಮಾವಳಿಯನ್ನೂ ಓದದೆ ಒಳಬರುತ್ತವೆಯೆಂದೂ ಹೇಳಿ, ನಿಯಮ ಮುರಿಯುವುದಕ್ಕೂ ಜನ ಮೊದಲು ದುರ್ಗಕ್ಕೇ ಹೋಗುತ್ತಾರೆಂದು ನೊಂದುಕೊಂಡಿತು.

ಪ್ರಶ್ನೆ: ನಾಡಿನ ಕೋಟೆಗಳನ್ನು ಕಾಡುವ ನಿಧಿಗಳ್ಳರು, ಗೋಡೆಯ ಮೇಲೆ ಹೆಸರು ಕೆತ್ತುವ ಪ್ರೇಮಿಗಳು, ಬತೇರಿಗಳನ್ನು, ಅಂದರೆ ಹೊರಚಾಚಿದ ಕಾವಲು ಬುರುಜುಗಳನ್ನು, ಸೀಳುವ ಆಲದ ಬೇರುಗಳು?

ಉತ್ತರ: ಅದೆಲ್ಲ ಇದ್ದದ್ದೇ.

ಪ್ರಶ್ನೆ: 2005ರಲ್ಲಿ ಅಂಚೆಚೀಟಿಯ ಮೇಲೇರಿದ ಮುಧೋಳ ನಾಯಿಯೂ ಕಾಳಿಯ ಪರಂಪರೆಗೆ ಸೇರಿದ್ದೆನ್ನಬಹುದೇ? ಅಥವಾ ನಾಯಿಯನ್ನು ಬೆಟ್ಟದ ಬುಡದಲ್ಲೇ ಬಿಟ್ಟು ಬರುವುದು ಲೇಸೇ?

ಉತ್ತರ: ಇಲ್ಲಿ ಕೋಟೆಯ ಧ್ವನಿ ಬದಲಾಯಿತು, ದುರ್ಗದ ಮಾತು ನಿಂತಿತು. ಗಾಜು ಏರಿಸಿದ ಕಾರಿನೊಳಗೆ ಬಿಸಿಲಿಗೆ ನಾಯಿಯನ್ನು ಕೂಡಿಹಾಕಿ ಮೇಲೆ ಫೋಟೊ ತೆಗೆಸಿಕೊಳ್ಳುವವರಿದ್ದಾರೆ. ಮರಿಯಾಗಿದ್ದಾಗ ಸಾವಿರಾರು ರೂಪಾಯಿ ಕೊಟ್ಟು ಕೊಂಡ ಜಾತಿನಾಯಿಗೆ ರೋಗ ಬಂದಾಗ ಯಾವುದೋ ಊರಾಚೆಯ ಗುಡ್ಡದ ಬಳಿ ಇಳಿಸಿ, ಅದು ಹಿಂದೆ ಓಡಿಬರುತ್ತಿದ್ದರೂ ವೇಗ ಹೆಚ್ಚಿಸುವವರಿದ್ದಾರೆ. ಹಸಿವು ಬಾಯಾರಿಕೆಗೆ ಗುರಿಯಾಗುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನಂತೆ ಅಪರಾಧವೇ. ಆದರೆ ಮೊದಲ ಬಾರಿಯ ದಂಡ ಕನಿಷ್ಠ 10 ರೂಪಾಯಿ, ಗರಿಷ್ಠ 50 ರೂಪಾಯಿ. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ತೆರವುಗೊಳಿಸಲು ಆದೇಶಿಸಿದಾಗ ನಾಯಿಗಳ ಬಗ್ಗೆ ಊರೆಲ್ಲ ಚರ್ಚಿಸಿತು. ಅವುಗಳಲ್ಲಿ ಕೆಲವನ್ನು ಬೀದಿಗೆ ತಂದು ಬಿಟ್ಟವರಾರೆಂದು ಕೇಳಿದವರು ವಿರಳ.

ಪ್ರಶ್ನೆ: ಪರಿಹಾರ?

ಉತ್ತರ: ದೇವಸ್ಥಾನದ ಮುಂದೆ ಚಪ್ಪಲಿ ಕಾಯಲು ಚೀಟಿ ಕೊಡುವ ನಾಡಿನಲ್ಲಿ, ಪ್ರತಿ ಕೋಟೆಯ ಬುಡದಲ್ಲೂ ನೆರಳು, ನೀರು, ಕಾಯುವವನೊಬ್ಬ ಇರುವ ಕಟ್ಟೆ ಕಟ್ಟುವುದು ಅಸಾಧ್ಯವಲ್ಲ. ಅದಕ್ಕೆ ಕಾಳಿಕಟ್ಟೆಯೆಂದು ಹೆಸರಿಡಬೇಕೆಂಬ ಪ್ರಶ್ನಕಾರರ ಒತ್ತಾಯಕ್ಕೆ ಕೋಟೆ ಒಪ್ಪಿತು. ಆದರೆ ಕಾವಲುಗಾರನು ಪ್ರತಿ ಕಾರಿನ ನಂಬರು ಬರೆದಿಟ್ಟು, ನಾಯಿಯೊಡನೆ ಬಂದವರು ನಾಯಿಯೊಡನೆಯೇ ಹಿಂದಿರುಗಿದರೆಂದು ಖಚಿತಪಡಿಸಿಕೊಳ್ಳಬೇಕೆಂದೂ, ಗಡಿಕಾವಲೆಂದರೆ ಇನ್ನು ಮುಂದೆ ಅಷ್ಟೇ ಎಂದೂ ಸೇರಿಸಿತು.